ಅಮಾವಾಸ್ಯೆಗೊಮ್ಮೆ ಹಾಡಿದ ಆಂಪ್ಲಿಫೈಯರ್

2023ರಲ್ಲಿ ನಾನು ಮಾಚೇನಹಳ್ಳಿಯ ಒಂದು ಸಣ್ಣ ಆಡಿಯೊ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಹಳೆಯ ಸೆಟ್‌ಗಳ ಕೆಪಾಸಿಟರ್ ಪರೀಕ್ಷೆ ನನ್ನ ಪಾಲಿನ ಕೆಲಸ. ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ಹಿಡಿದಿಟ್ಟು ಬೇಕಾದಾಗ ಬಿಡುವ ಪುಟ್ಟ ಡಬ್ಬಿ. ಅದರೊಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ. ಬಳಸದೆ ಇಟ್ಟರೆ ಇನ್ನೂ ಬೇಗ ಕೆಡುತ್ತದೆ. ಮೂವತ್ತು ವರ್ಷ ದಾಟಿದ್ದನ್ನು ಅಳೆಯದೆಯೇ ಕಿತ್ತು ಹೊಸದು ಹಾಕುವುದು ನಮ್ಮಲ್ಲಿ ರೂಢಿ.

ಆ ಆಗಸ್ಟ್‌ನಲ್ಲಿ ಭದ್ರಾವತಿಯ ಮುರುಗೇಶ್ ಮತ್ತು ಅವರ ಹೆಂಡತಿ ಸರೋಜಮ್ಮ ಆಟೊದಲ್ಲಿ ಒಂದು ಆಂಪ್ಲಿಫೈಯರ್ ತಂದರು. ಫೌಂಡ್ರಿ ಕೆಲಸದಲ್ಲಿದ್ದಾಗ, ಮದುವೆಯಾದ ಹೊಸತರಲ್ಲಿ, ಮುರುಗೇಶ್ ತಾವೇ ಕಟ್ಟಿದ ಸೆಟ್. ಈಗ ಹಾಡಿಗಿಂತ ಚರಚರ ಸದ್ದೇ ಹೆಚ್ಚು. ಬೇರೆ ಅಂಗಡಿಯವರು ಒಳಗಿನದೆಲ್ಲ ಎಸೆದು ಹೊಸ ಬೋರ್ಡ್ ಕೂರಿಸೋಣ ಎಂದಿದ್ದರಂತೆ.

"ಡಬ್ಬ ಮಾತ್ರ ನಂದು, ಕರುಳೆಲ್ಲ ಬೇರೆಯವರ್ದು ಅಂದ್ರೆ ಅದು ನನ್ ಸೆಟ್ ಹೆಂಗಾಗುತ್ತಮ್ಮ?" ಎಂದು ಅವರು ಬಲಗೈ ಎತ್ತಿ ತೋರಿಸಿದರು. ಪಾರ್ಶ್ವವಾಯು ಬಡಿದ ಮೇಲೆ ಅದು ನಡುಗುತ್ತಿತ್ತು. "ಇನ್ನೊಂದು ಕಟ್ಟಕ್ಕೆ ಈ ಕೈ ಬರಲ್ಲ."

ಮುಚ್ಚಳ ತೆಗೆದವಳು ದೀಪವನ್ನು ಹತ್ತಿರ ಎಳೆದುಕೊಂಡೆ. ಬೋರ್ಡಿನ ತಾಮ್ರದ ದಾರಿಗಳಲ್ಲಿ ನೇರ ಗೆರೆ ಒಂದೂ ಇರಲಿಲ್ಲ. ಎಲ್ಲವೂ ಬಳ್ಳಿಯಂತೆ ಬಾಗಿ, ಒಂದಕ್ಕೊಂದು ತಾಗದೆ ಹರಿದಿದ್ದವು.

"ಇದನ್ನ ಯಾರು ಬರ್ದಿದ್ದು?"

"ನಾನೇ ಕಣಮ್ಮ, ನೇಲ್ ಪಾಲಿಶಲ್ಲಿ," ಎಂದರು ಸರೋಜಮ್ಮ. "ರಂಗೋಲಿ ಕೈ ಅಂತ ಹೊಗಳಿ ಹೊಗಳಿ ಕೂರಿಸಿದ್ರು."

"ಮದ್ವೆಗೆ ಬಂದ ಬಾಟ್ಲಿ ಖಾಲಿ ಮಾಡ್ದೆ ಅಂತ ಇವತ್ತಿಗೂ ಬೈತಾಳೆ," ಎಂದರು ಮುರುಗೇಶ್.

ತಾಮ್ರದ ಹಾಳೆ ಹೊದಿಸಿದ ಬೋರ್ಡನ್ನು ರಾಸಾಯನಿಕದಲ್ಲಿ ಅದ್ದಿದರೆ ಪಾಲಿಶ್ ಬಳಿದ ಕಡೆ ತಾಮ್ರ ಉಳಿಯುತ್ತದೆ, ಮಿಕ್ಕಿದ್ದು ಕರಗುತ್ತದೆ. ಓದಿ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಆದರೆ ಇಷ್ಟು ಹಳೆಯ ಬೋರ್ಡಿಗೆ ಬೆಸುಗೆಯ ಬಿಸಿ ತಾಗಿದರೆ ಆ ಗೆರೆಗಳೇ ಎದ್ದುಬರುವ ಅಪಾಯವಿತ್ತು. ಕಾದಿದ್ದ ಸೋಲ್ಡರಿಂಗ್ ಐರನ್ ಕೆಳಗಿಟ್ಟು, ಮೊದಲ ಬಾರಿಗೆ ರೂಢಿ ಬಿಟ್ಟು ಮೀಟರ್ ಹಿಡಿದೆ.

1000 ಮೈಕ್ರೊಫ್ಯಾರಡ್ ಸಾಮರ್ಥ್ಯ ಎಂದು ಬರೆದಿದ್ದ ಕೆಪಾಸಿಟರ್ 970 ತೋರಿಸಿತು. ಮೀಟರೇ ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದೆ. ಅದೂ ಅದನ್ನೇ ಹೇಳಿತು. ನನ್ನ ವಯಸ್ಸಿಗಿಂತ ಹಳೆಯ ಡಬ್ಬಿ ಇನ್ನೂ ಗಟ್ಟಿಯಾಗಿತ್ತು. ಉಳಿದವೂ ಹಾಗೆಯೇ.

"ಇದನ್ನ ಯಾವಾಗ್ಯಾವಾಗ ಹಾಕ್ತಿದ್ರಿ?"

"ಪ್ರತಿ ಅಮಾವಾಸ್ಯೆ. ಲಾರಿಗೆ ಮಾಡಲ್ವಾ, ಹಂಗೇ ಇದಕ್ಕೂ ಪೂಜೆ ಮಾಡಿ ಎರಡು ಹಾಡು ಹಾಕ್ತೀನಿ. ಒಂದೂ ತಪ್ಪಿಸಿಲ್ಲ," ಎಂದರು ಸರೋಜಮ್ಮ.

ಕೆಪಾಸಿಟರ್ ಒಳಗಿನ ತೆಳುಪದರ ಕರೆಂಟ್ ಹರಿದಾಗಲೆಲ್ಲ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಆ ಪೂಜೆಯೇ ಇವನ್ನು ಕಾಪಾಡಿತ್ತು!

ಹಾಗಾದರೆ ಚರಚರ ಸದ್ದು ಎಲ್ಲಿಂದ? ಭೂತಗನ್ನಡಿ ಹಿಡಿದಾಗ ಗೆರೆಗಳ ನಡುವೆ ಕೆಂಪು ಪುಡಿ ಕಾಣಿಸಿತು. ಮುಚ್ಚಳದ ಕಿಂಡಿಗಳಿಂದ ಉದುರಿದ ಕುಂಕುಮ ತೇವ ಹೀರಿ, ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು.

"ಅಯ್ಯೋ, ಕೆಡಿಸಿದ್ದು ನಾನೇನಾ?" ಸರೋಜಮ್ಮನ ಮುಖ ಬಾಡಿತು.

"ಇನ್ಮೇಲೆ ಆ ಕುಂಕುಮ ನನ್ ಹಣೆಗೆ ಇಡು ಮಾರಾಯ್ತಿ, ನಾನೂ ಹಳೇ ಸೆಟ್ಟೇ," ಎಂದರು ಮುರುಗೇಶ್.

ಬ್ರಷ್ಷಿಗೆ ಆಲ್ಕೋಹಾಲ್ ಅದ್ದಿ, ಸರೋಜಮ್ಮನ ಕೈ ಹೋದ ದಾರಿಯಲ್ಲೇ ನನ್ನ ಕೈ ನಡೆಸಿ ತೊಳೆದು ಒಣಗಿಸಿದೆ. ನಂತರ ವೋಲ್ಟೇಜನ್ನು ನಿಧಾನವಾಗಿ ಏರಿಸಿದೆ. ಸ್ಪೀಕರಿನಲ್ಲಿ ಚರಚರ ಸದ್ದು ಒಂದಿಷ್ಟೂ ಇಲ್ಲ. ಮುರುಗೇಶ್ ನಡುಗುವ ಬೆರಳುಗಳಿಂದ ವಾಲ್ಯೂಮ್ ತಿರುಗಿಸಿದರು. ನಾಗಸ್ವರ ತುಂಬಿಕೊಂಡು ಬಂತು. ಒಂದೂ ಬಿಡಿಭಾಗ ಬದಲಾಗಿರಲಿಲ್ಲ.

ಬಿಡಿಭಾಗದ ಮೇಲೆ ಅಚ್ಚಾದ ವರ್ಷ ಅದರ ವಯಸ್ಸನ್ನಷ್ಟೇ ಹೇಳುತ್ತದೆ, ಆರೋಗ್ಯವನ್ನಲ್ಲ. ಕೀಳುವ ಮೊದಲು ಅಳೆಯಬೇಕು, ಅಳೆಯುವ ಮೊದಲು ಮನೆಯವರನ್ನು ಕೇಳಬೇಕು. ಈಗ ಯಾರೇ ಸೆಟ್ ತರಲಿ, ಮುಚ್ಚಳ ತೆಗೆಯುವ ಮುಂಚೆ ನಾನು ಕೇಳುವ ಮೊದಲ ಪ್ರಶ್ನೆ: "ಮನೆಯಲ್ಲಿ ಇದನ್ನ ಹೆಂಗೆ ನೋಡ್ಕೊಂಡಿದ್ರಿ?"