ಚೌಡಾಪುರದ ಶಮ್ಸುನ್ನಿಸಾ ಮತ್ತು ನನ್ನ ಕೌದಿ ಹೊದ್ದ ಟ್ಯಾಬು

ಶಮ್ಸುನ್ನಿಸಾಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಶನಿವಾರ, ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಕರಜಗಿಯ ಶಾರದಾಬಾಯಿ ನನ್ನ ಮಡಿಲಲ್ಲಿದ್ದ ಗಂಟು ನೋಡಿದಳು.

"ಏನಬೇ, ಅದನ್ನ ತಗೊಂಡು ಎಲ್ಲಿಗಿ ಹೊಂಟಿ?"

"ಚೌಡಾಪುರಕ್ಕ. ಟ್ಯಾಬು ನಿಂತು ನಿಂತು ನಡೀಲಾಕತ್ತದ. ಅಲ್ಲಿ ಯಾರೋ ರಿಪೇರಿ ಮಾಡ್ತಾರಂತ."

"ಘಡಿಯಾಲ ಮೆಹಬೂಬನ ಮಗಳು ಶಮ್ಸುನ್ನಿಸಾ? ಯವ್ವಾ! ಆಕಿ ಕೈಗಿ ಆನಿ ಕೊಟ್ರ ಆಡಾಗಿ ಬರ್ತದ. ಚಲೋ ಬ್ಯಾಟರಿ ತಗದು ಸತ್ತದ್ದು ಹಾಕ್ತಾಳಂತ. ಮ್ಯಾಲ ನಿನ್ನ ಮೈದುನನ ಟ್ರ್ಯಾಕ್ಟರಿನ ಟೇಪ್ ರಿಪೇರಿ ಮಾಡಾಕಿನೂ ಆಕಿನೇ. ನೋಡು ಮತ್ತ."

ಆ ಕೊನೆಯ ಮಾತು ಕೇಳಿ ಮಡಿಲಿನ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಯಾಕೆಂದರೆ ನನ್ನ ಜಗಳ ಇದ್ದದ್ದೇ ಮೈದುನ ಬಸವಂತರಾಯನ ಜೊತೆ. ಅವನ ಹೊಲ ದಾಟಿಯೇ ನನ್ನ ಕಬ್ಬಿನ ಹೊಲಕ್ಕೆ ಹೋಗಬೇಕು. ಎರಡು ವರ್ಷದ ಹಿಂದೆ ಹಿರಿಯರ ಮುಂದೆ, ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ, ಎರಡು ಬಂಡಿ ಅಗಲ ಹಾದಿ ಬಿಡುತ್ತೇನೆ ಎಂದು ಒಪ್ಪಿದ್ದ. ಕಾಗದ ಆಗಲಿಲ್ಲ. ನರೋಣಾಕ್ಕೆ ಕೊಟ್ಟ ನನ್ನ ಮಗಳು ಜಯಮಾಲಾ ತನ್ನ ಟ್ಯಾಬಿನಲ್ಲಿ ಅದನ್ನೆಲ್ಲ ವಿಡಿಯೋ ಹಿಡಿದು, ಆ ಟ್ಯಾಬನ್ನೇ ನನಗೆ ಬಿಟ್ಟು ಹೋದಳು. ಈ ವರ್ಷ ಕಬ್ಬು ಕಟಾವಿಗೆ ಬಂತು. ಅವನು ಹಾದಿಯನ್ನು ಹರಗಿ ಕಡಲೆ ಬಿತ್ತಿದ. ಕೇಳಿದರೆ, "ಯಾವ ಹಾದಿ ವೈನಿ? ಕನಸು ಬಿತ್ತೇನು?" ಎಂದ. ಗಾಡಿ ಹೊಲಕ್ಕೆ ಬರದಿದ್ದರೆ ಕಬ್ಬು ನಿಂತಲ್ಲೇ ಒಣಗಬೇಕು. ಹಿರಿಯರಾದ ಚಂದಪ್ಪ, "ಸೋಮವಾರ ಗುಡಿ ಕಟ್ಟಿ ಮ್ಯಾಲ ತಂದು ತೋರ್ಸವ್ವಾ. ಆ ಮಾತು ಕೇಳಿಸಿದ್ರ ಹಾದಿ ನಿಂದು" ಎಂದಿದ್ದರು.

ಜಗಳ ಶುರುವಾದ ವಾರವೇ ನಾನು ಆ ಟ್ಯಾಬಿಗೆ ಕೌದಿಯ ಅಂಗಿ ಹೊಲಿದೆ. ಹಳೆಯ ಸೀರೆ, ನಮ್ಮವರ ಧೋತರ, ನಾಲ್ಕು ಪದರು. ಗಾಜಿಗೆ ಒಂದು ಕಿಟಕಿ, ವೈರಿಗೆ ಒಂದು ತೂತು, ಉಳಿದದ್ದೆಲ್ಲ ಬಿಗಿ ಹೊಲಿಗೆ. ನಾನು ಹಿಟ್ಟಿನ ಗಿರಣಿಗೆ ಹೋದಾಗ ಯಾರಾದರೂ ಒಳಗಿನದನ್ನು ಬದಲಿಸಿದರೆ ದಾರವೇ ಹೇಳಬೇಕು. ದಿನಕ್ಕೆ ಹತ್ತು ಸಲ ವೈರು ಹಚ್ಚಿ ವಿಡಿಯೋ ನೋಡುತ್ತಿದ್ದೆ, ಇದೆಯೋ ಇಲ್ಲವೋ ಎಂದು. ಹಾಗೆ ನೋಡುವಾಗಲೇ ಒಂದು ದಿನ ಬಸವಂತರಾಯ ಬಾಯಿ ತೆರೆಯುವ ಹೊತ್ತಿಗೆ ಚಿತ್ರ ನಿಂತಿತು. ನಡುವೆ ಒಂದು ಬಳೆ ಸುತ್ತತೊಡಗಿತು. ಇದು ಅವನದೇ ಕೆಲಸ, ಹೊಲಿಯುವ ಮೊದಲೇ ಏನೋ ಮಾಡಿದ್ದಾನೆ ಎಂದುಕೊಂಡೆ.

ಚೌಡಾಪುರದಲ್ಲಿ ಬಸ್ಸು ನಿಲ್ಲುವಲ್ಲೇ ಅವಳ ಅಂಗಡಿ, ಕಪಾಟಿನಷ್ಟು. ಬೋರ್ಡಿನ ಮೇಲೆ ಇನ್ನೂ ತಂದೆ ಮೆಹಬೂಬನ ಹೆಸರು, ಪಕ್ಕದಲ್ಲಿ ಬಣ್ಣ ಹೋದ ಗಡಿಯಾರ. ನಲವತ್ತರ ಹೆಂಗಸು, ತಲೆಯ ಮೇಲೆ ಸೆರಗು, ಒಂದು ಕಣ್ಣಿಗೆ ತಂದೆಯ ಭೂತಗನ್ನಡಿ. ಮುಂದೆ ಒಂದು ಸ್ಟೀಲ್ ತಾಟು.

"ಬಿಟ್ಟು ಹೋಗ್ರಿ ಆಯಿ, ಒಂದು ತಾಸು ಬಿಟ್ಟು ಬರ್ರಿ."

"ಬಿಡಂಗಿಲ್ಲ. ನನ್ನ ಮುಂದೇ ಮಾಡು."

"ಹಂಗಾದ್ರ ಕುಂದರ್ರಿ. ಚಾ ಕುಡೀತೀರೇನು?"

"ಬ್ಯಾಡ."

ಚಹಾ ಕುಡಿಯಲು ಬಗ್ಗಿದರೆ ಕಣ್ಣು ಅತ್ತ ಹೋಗುತ್ತದೆ. ಅದಕ್ಕೇ ಕೊಡುತ್ತಾಳೆ ಎಂದು ನನಗೆ ಗೊತ್ತಿತ್ತು.

ತಾಟು ಯಾಕೆಂದು ಕೇಳಿದೆ. "ಅಬ್ಬಾನ ಪದ್ಧತಿರಿ. ಬಿಚ್ಚಿದ್ದೆಲ್ಲಾ ಗಿರಾಕಿ ಕಣ್ಮುಂದ ಇರಬೇಕು ಅಂತಿದ್ರು" ಎಂದಳು. ಎಂಟು ವರ್ಷದವಳಿದ್ದಾಗಿನಿಂದ ತಂದೆಗೆ ಸ್ಕ್ರೂ ಎತ್ತಿ ಕೊಟ್ಟವಳಂತೆ. ಗಡಿಯಾರದ ಕಾಲ ಮುಗಿದ ಮೇಲೆ ಮೊಬೈಲು ಕಲಿತಳು. ಮದುವೆ? "ಅಮ್ಮೀಗಿ ಲಕ್ವಾ ಹೊಡದದರಿ. ಆಕಿನ್ನ ನೋಡ್ಕೋತ ಉಳದುಬಿಟ್ಟೆ." ಮಾತು ಮೆತ್ತಗಿತ್ತು. ಮೆತ್ತಗೆ ಮಾತಾಡುವವರನ್ನು ನಾನು ಬಹಳ ನೋಡಿದ್ದೇನೆ.

ಅವಳು ವಿಡಿಯೋ ಹಚ್ಚಿದಳು. ನಿಂತಿತು. ಮೊದಲಿನಿಂದ ಮತ್ತೆ ಹಚ್ಚಿದಳು. ಮತ್ತೆ ನಿಂತಿತು. ಮೂರನೆಯ ಸಲವೂ.

"ಆಯಿ, ಮೊದಲನೇ ಸಲ ಎಲ್ಲಿ ನಿಂತಿತ್ರಿ?"

"ಅವ ಬಾಯಿ ತೆಗಿಯೋ ಮುಂದ."

"ಎರಡನೇದು?"

"ಚಾ ತಂದಾಗ."

"ಈಗ?"

"ನಾಯಿ ಕಟ್ಟಿ ಮುಂದ ಹಾಯ್ದಾಗ."

"ನೋಡ್ರಿ, ಜಲ್ದಿ ಜಲ್ದಿ ನಿಂದರ್ಲಾಕತ್ತದ. ಯಾರರೆ ಕತ್ತರಿಸಿದ್ರ ಒಂದೇ ಜಾಗಾದಾಗ ನಿಂದರ್ತಿತ್ತು. ಕಳ್ಳ ಜಾಗಾ ಬದಲಿ ಮಾಡ್ಕೋತ ಬರಂಗಿಲ್ಲ." ಕೌದಿಯ ಮೇಲೆ ಕೈಯಿಟ್ಟು ಸರ್ರನೆ ತೆಗೆದಳು. "ಅಯ್ಯೋ, ಹಂಚು ಕಾದಂಗ ಕಾದದ! ಬಿಸಲಾಗ ಎತ್ತಿಗಿ ಕೌದಿ ಹೊಚ್ಚಿ ಗಳೇ ಹೊಡದ್ರ ಅದು ಓಡ್ತದೇನ್ರಿ? ಇದೂ ಹಂಗೇ. ಮೈ ಕಾದ್ರ ತಾನೇ ಮೆಲ್ಲಗ ಆಗ್ತದ. ವೈರು ಹಚ್ಚಿ ನೋಡಿದ್ರ ಇನ್ನೂ ಕಾಯ್ತದ. ಈ ಅಂಗಿ ಬಿಚ್ಚಬೇಕು."

ಬಂತು ನೋಡು, ಎಂದುಕೊಂಡೆ. ಹೊಲಿಗೆ ಬಿಚ್ಚುವುದಕ್ಕೇ ಇಷ್ಟೆಲ್ಲ ಕಥೆ.

"ನನ್ನ ಹೊಲಿಗಿ ಯಾರೂ ಮುಟ್ಟಂಗಿಲ್ಲ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕತ್ತರಿಯನ್ನು ತಾಟಿನಲ್ಲಿಟ್ಟು ನನ್ನ ಕಡೆ ಸರಿಸಿದಳು. "ನೀವೇ ಬಿಚ್ರಿ. ನಾ ಕೈ ಹಚ್ಚಂಗಿಲ್ಲ." ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಕುಳಿತಳು.

ನಾನೇ ಬಿಚ್ಚಿದೆ. ಅವಳು ಹೇಳಿದಂತೆ ಬರಿಯ ಟ್ಯಾಬನ್ನು ಫ್ಯಾನಿನ ಕೆಳಗೆ ಇಟ್ಟೆ. ಒಳಗೆ ತೆರೆದೇ ಉಳಿದಿದ್ದ ಆರೇಳು ಆ್ಯಪುಗಳನ್ನು ಅವಳು ಬೆರಳು ತೋರಿಸಿ ನನ್ನಿಂದಲೇ ಮುಚ್ಚಿಸಿದಳು. ಅರ್ಧ ತಾಸು ಕಾದೆವು. ಆಮೇಲೆ ವೈರಿಲ್ಲದೆ ಹಚ್ಚಿದೆ. ನಾಯಿ ಹಾಯಿತು, ಚಹಾ ಬಂತು, ಬಸವಂತರಾಯ ಬಾಯಿ ತೆರೆದ. "ಎರಡು ಬಂಡಿ ಅಗಲ ಹಾದಿ ಬಿಡ್ತೇನಿ, ದೇವರಾಣಿ."

ತಾಟಿನಲ್ಲಿ ನನ್ನ ದಾರದ ತುಂಡುಗಳು ಮಾತ್ರ ಇದ್ದವು. ಒಂದು ಸ್ಕ್ರೂ ಸಹ ಅವಳು ಬಿಚ್ಚಿರಲಿಲ್ಲ.

"ಒಂದು ನಕಲು ಮಾಡಿ ಇಟ್ಕೋರಿ ಆಯಿ, ಮೆಮರಿ ಚಿಪ್ಪಿನಾಗ."

"ನಕಲು! ನಂಗೊಂದು, ಬಸವಂತಗೊಂದು ಏನು?"

ಅವಳು ನಕ್ಕಳು. "ತನ್ನ ಮಾತು ತಾನೇ ಕೇಳೋ ಆಸೆ ಅವ್ರಿಗಿ ಅದ ಅಂತೀರೇನು?"

ನಕಲು ಮಾಡಿಸಲಿಲ್ಲ. ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಸೋಮವಾರ ಕಟ್ಟೆಯ ಮೇಲೆ ವಿಡಿಯೋ ಒಂದು ಸಲವೂ ನಿಲ್ಲದೆ ಓಡಿತು. ನಾನು ಚೌಡಾಪುರಕ್ಕೆ ಹೋದ ಸುದ್ದಿ ಶಾರದಾಬಾಯಿಯಿಂದ ಬಸವಂತರಾಯನಿಗೆ ಮುಟ್ಟಿತ್ತು; ಎದ್ದು ನಿಂತ. "ಇದು ಖೋಟಾ! ಆ ಚೌಡಾಪುರದಾಕಿ ಬಿಚ್ಚಿ ಏನೋ ಕೂಡ್ಸಿ ಕೊಟ್ಟಾಳ!"

ಚಂದಪ್ಪ ಹೇಳಿದರು, "ಅದರಾಗ ನಾನೂ ಮಾತಾಡೇನಲೇ. ನನ್ನ ಬಾಯಿನೂ ಆಕಿನೇ ಕೂಡ್ಸಿದಳೇನು?" ಎಲ್ಲರೂ ನಕ್ಕರು. ಹಾದಿ ನನಗಾಯಿತು. ಆ ವಾರವೇ ಗಾಡಿ ಬಂದು ಕಬ್ಬು ಹೋಯಿತು.

ಆದರೆ ಆಕೆ ಬಿಚ್ಚಲೇ ಇಲ್ಲ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಯಾರು ಬಿಚ್ಚಿದರು, ಹೊಲಿದದ್ದು ಯಾಕೆ ಎಂದು ಕೇಳುತ್ತಿದ್ದರು. ಇಡೀ ಊರಿನ ಮೇಲೆ ನನಗಿದ್ದ ಸಂಶಯ ಹೊರಗೆ ಬೀಳುತ್ತಿತ್ತು. ಸುಮ್ಮನಿದ್ದೆ. ಬಸವಂತರಾಯ ಸುಮ್ಮನಿರಲಿಲ್ಲ. ಚೌಡಾಪುರದಾಕೆ ವಿಡಿಯೋ ತಿದ್ದುತ್ತಾಳೆ ಎಂದು ಬಸ್ಸು ಬಸ್ಸಿನಲ್ಲಿ ಹೇಳಿದ. ಶಾರದಾಬಾಯಿಯಂಥವರು ಅದಕ್ಕೆ ಉಪ್ಪು ಖಾರ ಹಚ್ಚಿದರು.

ಬೇಸಿಗೆಯಲ್ಲಿ ಗಾಣಗಾಪುರಕ್ಕೆ ಹೋಗುವಾಗ ಚೌಡಾಪುರದಲ್ಲಿ ಇಳಿದೆ. ಅಂಗಡಿ ಅರ್ಧ ಖಾಲಿಯಾಗಿತ್ತು. ಶಮ್ಸುನ್ನಿಸಾ ತಂದೆಯ ಬೋರ್ಡನ್ನು ಗೋಣಿಯಲ್ಲಿ ಸುತ್ತುತ್ತಿದ್ದಳು.

"ಗಿರಾಕಿನೇ ಬರವಲ್ರು ಆಯಿ. ಮಾಲಕರೂ ಖಾಲಿ ಮಾಡಂದ್ರು. ನಾಳಿಗಿ ಅಮ್ಮೀನ್ನ ಕರ್ಕೊಂಡು ಜೇವರ್ಗಿಗಿ ಹೊಂಟೇನಿ, ಮಾಮೂನ ಮನಿಗಿ."

ಇವಳಿಗೆ ಎಲ್ಲ ಗೊತ್ತಿದೆ, ಈಗ ನನ್ನನ್ನು ಬೈಯುತ್ತಾಳೆ ಎಂದು ನಿಂತೆ. ಬೈಯಲಿಲ್ಲ. ತಾಟನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಬಸ್ಸು ಹಾರ್ನ್ ಹಾಕಿತು. ನಾನು ಏರುವ ತನಕ ಜೊತೆಗೆ ಬಂದಳು. ಕಿಟಕಿಯ ಸರಳು ಹಿಡಿದು ಕೇಳಿದಳು:

"ಆಯಿ, ಆ ದಿವಸ ಕತ್ರಿ ಯಾರ ಕೈಯಾಗಿತ್ತು ಅನ್ನೋದು ನಿಮ್ಮೂರ ಕಟ್ಟಿ ಮ್ಯಾಲ ಒಮ್ಮಿ ಹೇಳ್ತೀರೇನ್ರಿ?"