ಬಸ್ಸಿನ ಕಿಟಕಿಯಲ್ಲಿ ಬಂದ ಚಾಕು

ನ್ಯಾಮತಿಯ ಷಡಾಕ್ಷರಪ್ಪನವರು ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

ಕಾಫಿಯಲ್ಲಿ ನೊಣ ಬಿದ್ದಿರಲಿಲ್ಲ. ಹಾಲು ಒಡೆದಿರಲಿಲ್ಲ. ಹೊನ್ನಾಳಿಯ ಆ ಹೋಟೆಲಿನ ಕಾಫಿಯ ಬಗ್ಗೆ ಇದುವರೆಗೆ ಯಾರೂ ತಕರಾರು ಎತ್ತಿದ್ದಿಲ್ಲ. ಷಡಾಕ್ಷರಪ್ಪನವರಂತೂ ಲೋಟದ ತಳದ ಸಕ್ಕರೆಯನ್ನೂ ಬಿಡುವ ಆಸಾಮಿಯಲ್ಲ. ಅಂಥವರು ಕಾಫಿ ಬಿಟ್ಟು, ತಮ್ಮ ಚಾಕುಗಳನ್ನು ಒಂದೊಂದಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದರು.

ಚಾಕುಗಳು ಎಂದೆನಲ್ಲ, ಗಾಬರಿಯಾಗಬೇಡಿ. ಕಿಸೆಯಲ್ಲಿ ಇಟ್ಟುಕೊಳ್ಳುವ ಮಡಚುವ ಚಾಕು ಅಷ್ಟೆ. ಅವನ್ನು ಕೂಡಿಡುವುದು ನಮ್ಮ ಹಾಬಿ. ಸ್ಟಾಂಪು ಕೂಡಿಸುವವರಿಗೆ ಈ ದೇಶದಲ್ಲಿ ಮರ್ಯಾದೆ ಇದೆ, ನಾಣ್ಯ ಕೂಡಿಸುವವರನ್ನು ಸ್ಕೂಲ್ ಡೇಗೆ ಕರೆದು ಹಾರ ಹಾಕುತ್ತಾರೆ. ಚಾಕು ಕೂಡಿಸುತ್ತೇನೆ ಎಂದು ಹೇಳಿ ನೋಡಿ. ಎದುರಿಗಿದ್ದವರು ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, "ಒಂದ್ ಗಳಿಗೆ ಕೊಡ್ರಿ, ಸೈಕಲ್ ಸ್ಕ್ರೂ ಬಿಚ್ಚಾದೈತೆ" ಅನ್ನುತ್ತಾರೆ.

ಇದೊಂದು ದೊಡ್ಡ ಗೋಳು ನನಗೆ. ಚನ್ನಗಿರಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಇಷ್ಟು ವರ್ಷವಾಯಿತು. ಪೆನ್ಸಿಲ್ ಹೆರೆಯಲು ಇಟ್ಟುಕೊಂಡ ಒಂದು ಚಾಕುವಿನಿಂದ ಶುರುವಾದದ್ದು ಈಗ ಒಂದು ಟ್ರಂಕಿನಷ್ಟಾಗಿದೆ. ಆದರೆ ನಮ್ಮ ಬೀದಿಯವರಿಗೆ ಅದು ಕಲೆಕ್ಷನ್ ಅಲ್ಲ, ಸಾರ್ವಜನಿಕ ಆಸ್ತಿ. ವನಸ್ಪತಿ ಡಬ್ಬದ ಮುಚ್ಚಳ ಮೀಟಲು ನನ್ನ ಚಾಕು. ಹಲಸಿನಹಣ್ಣು ಬಿಡಿಸಲು ನನ್ನ ಚಾಕು. (ಹಲಸಿನ ಅಂಟು ಬಿಡಿಸಲು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.) ಪಕ್ಕದ ಮನೆಯ ಯಜಮಾನರು ಒಮ್ಮೆ ಹಿತ್ತಾಳೆ ಹಿಡಿಯ ಅಪರೂಪದ ಚಾಕು ಒಯ್ದು ಕಾಲಿನ ಉಗುರು ಕತ್ತರಿಸಿಕೊಂಡು ತಂದುಕೊಟ್ಟರು. "ಚೆನ್ನಾಗೈತ್ರಿ, ನಾಜೂಕಾಗಿ ಹೋಗ್ತೈತೆ" ಎಂದು ಸರ್ಟಿಫಿಕೇಟ್ ಬೇರೆ!

ನನ್ನ ಕಷ್ಟ ಅರ್ಥವಾಗುವವರು ಈ ಸೀಮೆಯಲ್ಲಿ ಇನ್ನಿಬ್ಬರೇ. ಒಬ್ಬರು ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಈ ಷಡಾಕ್ಷರಪ್ಪ. ಇನ್ನೊಬ್ಬರು ಜಗಳೂರಿನ ಕಂಬಳಿ ವ್ಯಾಪಾರಿ ತಿಪ್ಪೇಸ್ವಾಮಿ. ಮೂವರಲ್ಲಿ ಯಾರಿಗೆ ಹೊಸ ಚಾಕು ಸಿಕ್ಕರೂ ಉಳಿದಿಬ್ಬರಿಗೆ ಕಾರ್ಡು ಹಾಕುವುದು, ಭಾನುವಾರ ಹೊನ್ನಾಳಿಯಲ್ಲಿ ಸೇರುವುದು. "ಹೊಸದು ಸಿಕ್ಕಿದೆ. ಎರಡು ಅಲಗು. ತಪ್ಪದೆ ಬನ್ನಿ. ಯಾರಿಗೂ ಹೇಳಬೇಡಿ" ಎಂದು ಷಡಾಕ್ಷರಪ್ಪನವರು ಒಮ್ಮೆ ಬರೆದಿದ್ದರು. ಕಾರ್ಡು ಓದದೆ ಕೊಡುವ ಪೋಸ್ಟ್‌ಮ್ಯಾನ್ ಎಲ್ಲಾದರೂ ಉಂಟೆ? ನಮ್ಮವನು ಜಗಲಿಯ ಮೇಲೆ ಕೂತು, ದನಿ ತಗ್ಗಿಸಿ, "ಮೇಷ್ಟ್ರೇ, ಯಾರ ಮ್ಯಾಲಾದ್ರೂ ಸಿಟ್ಟೈತಾ? ಮಾತಾಡಿ ಬಗೆಹರಿಸ್ಕೊಳ್ರಿ" ಎಂದ.

ಹೋಟೆಲಿನಲ್ಲೂ ಇದೇ ಕಥೆ. ಮೂವರು ಗೃಹಸ್ಥರು ಮಹಡಿಯ ಮೇಲಿನ ಮೂಲೆಯ ಟೇಬಲ್ಲಿನಲ್ಲಿ ಚಾಕು ಬಿಚ್ಚಿಟ್ಟುಕೊಂಡು ಕೂತರೆ ಪಕ್ಕದವರು ಇಡ್ಲಿ ಬಿಟ್ಟು ಏಳುತ್ತಾರೆ. ಒಂದು ಸಲ ಕಾನ್‌ಸ್ಟೇಬಲ್ ಬಂದು ನಿಂತ. "ಒತ್ತಿದ್ರೆ ಚಿಮ್ಮೋ ಬಟನ್ ಚಾಕು ಐತೇನ್ರಿ ಇದ್ರಾಗೆ?" ಇಲ್ಲ ಎಂದು ಒಂದೊಂದನ್ನೂ ಬಿಚ್ಚಿ ತೋರಿಸಿದೆವು. ಎಲ್ಲ ನೋಡಿದ ಮೇಲೆ ಅವನು ಏನು ಕೇಳಿದ ಗೊತ್ತೆ? ಮಾವಿನಕಾಯಿ ಹೆಚ್ಚಲು ಯಾವುದು ಒಳ್ಳೆಯದು ಎಂದು!

ಇರಲಿ. ಷಡಾಕ್ಷರಪ್ಪನವರ ಸಿಟ್ಟು ತಿಳಿಯಬೇಕಾದರೆ ನಮ್ಮ ರೂಲುಗಳು ತಿಳಿದಿರಬೇಕು. ಉಪ್ಪು, ಮೆಣಸಿನಕಾಯಿ, ಚಾಕು ಇವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ ಎಂದು ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ನಾವೂ ಪಾಲಿಸುತ್ತೇವೆ. (ನಂಬಿಕೆ ಇದೆಯೋ ಇಲ್ಲವೋ, ಆ ಮಾತು ಬೇರೆ. ನಂಬಿಕೆ ಇಲ್ಲದವರೂ ಬೆಕ್ಕು ಅಡ್ಡ ಬಂದರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುತ್ತಾರೆ.) ನೋಡಲು ಕೊಡುವ ಚಾಕುವನ್ನು ತಿಪ್ಪೇಸ್ವಾಮಿಯವರ ಕೆಂಪು ಟವಲಿನ ಮೇಲೆ ಇಡಬೇಕು. ಬೇಕಾದವರು ಎತ್ತಿಕೊಂಡು ನೋಡಿ ಮತ್ತೆ ಅಲ್ಲೇ ಇಡಬೇಕು. ಪೂರ್ತಿ ಕೊಟ್ಟುಬಿಡುವುದಾದರೆ ಟವಲಿನ ಮೇಲಲ್ಲ, ವೀಳ್ಯದೆಲೆಯ ಮೇಲೆ ಇಡಬೇಕು, ಜೊತೆಗೊಂದು ಅಡಿಕೆ. ಹೋದ ವರ್ಷ ನಾನು ಷಡಾಕ್ಷರಪ್ಪನವರಿಗೆ ಹಾಗೆ ಒಂದು ಚಾಕು ಕೊಟ್ಟಿದ್ದೆ. "ನಂದೂ ಒಂದು ನಿಮ್ಗೆ ಬಂದೇ ಬರ್ತೈತೆ ಮೇಷ್ಟ್ರೇ, ನೋಡ್ತಿರ್ರಿ" ಎಂದಿದ್ದರು.

ಈಗ ಕೇಳಿ. ಎರಡು ತಿಂಗಳ ಕೆಳಗೆ, ಭಾನುವಾರ ಬನ್ನಿ ಎಂದು ಅವರಿಂದ ಕಾರ್ಡು ಬಂದಿತ್ತು. ನಾನೂ ತಿಪ್ಪೇಸ್ವಾಮಿಯೂ ಹೋದೆವು. ಕಾದೆವು. ಕಾರ್ಡು ಬರೆದ ಮಹಾಶಯರ ಪತ್ತೆಯೇ ಇಲ್ಲ. (ಗಿರಣಿಯ ಬೆಲ್ಟು ಹರಿದಿತ್ತಂತೆ, ಆಮೇಲೆ ತಿಳಿಯಿತು.) ಜಗಳೂರಿನವರು ದೂರದ ದಾರಿ ಎಂದು ಮೊದಲು ಹೊರಟರು. ನಾನು ಸಾಸ್ವೆಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಕಂಡಕ್ಟರ್ "ರೈಟ್" ಎಂದ. ಆಗ ಬಂದರು ನೋಡಿ, ಷಡಾಕ್ಷರಪ್ಪ! ತಲೆ, ಹುಬ್ಬು, ಮೀಸೆಯೆಲ್ಲ ಹಿಟ್ಟು. ಪಂಚೆ ಎತ್ತಿ ಹಿಡಿದುಕೊಂಡು ಬಸ್ಸಿನ ಪಕ್ಕದಲ್ಲೇ ಓಡಿ ಬಂದು, ಏದುಸಿರಿನಲ್ಲಿ ಒಂದು ಮಾತೂ ಆಡಲಾಗದೆ, ಕಿಟಕಿಯ ಸರಳಿನ ಸಂದಿಯಿಂದ ನನ್ನ ಕೈಗೆ ಒಂದು ಚಾಕು ತುರುಕಿದರು. ಬಸ್ಸು ಹೊರಟಿತು. ಅವರು ನಿಂತಲ್ಲೇ ನಗುತ್ತ ಕೈಬೀಸಿದರು. ನಾನೂ ಬೀಸಿದೆ.

ಕೈಯಿಂದ ಕೈಗೆ! ಆದರೆ ಚಾಕು ನೋಡಿದ ಮೇಲೆ ರೂಲಿನ ಮಾತು ಯಾರಿಗೆ ಬೇಕು? ಜಿಂಕೆ ಕೊಂಬಿನ ಹಿಡಿ. ಎರಡು ಕಡೆಗೂ ಹಿತ್ತಾಳೆಯ ಕಟ್ಟು. ಬಿಚ್ಚಿದರೆ ಟಕ್, ಮಡಚಿದರೆ ಟಕ್. ಆ ಸದ್ದಿಗೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಹೋಗಲಿ ಬಿಡಿ, ನನಗೆ ಜಾಗ ಸಲೀಸಾಯಿತು.

ಈಗ ನೀವೇ ಹೇಳಿ, ಅದನ್ನು ನಾನು ಏನೆಂದು ತಿಳಿಯಬೇಕಿತ್ತು? ನೋಡಲು ಕೊಟ್ಟ ಚಾಕು ನಮ್ಮಲ್ಲಿ ಆ ಟೇಬಲ್ಲು ಬಿಟ್ಟು ಆಚೆ ಹೋದದ್ದೇ ಇಲ್ಲ. ಇದು ಬಸ್ಸು ಹತ್ತಿ ಇನ್ನೊಂದು ತಾಲ್ಲೂಕಿಗೇ ಬಂತು. ಅಂದಮೇಲೆ ಕೊಟ್ಟೇಬಿಟ್ಟರು ಎಂದೇ ಅಲ್ಲವೆ ಅರ್ಥ? ನಿಮ್ಗೆ ಬಂದೇ ಬರ್ತೈತೆ ಎಂದು ಬಾಯಿಬಿಟ್ಟು ಹೇಳಿದ್ದವರು ಬೇರೆ. ನಾನು ಖುಷಿಯಲ್ಲಿ ತೇಲಿಹೋದೆ.

ತೇಲಿದವನು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ನಮ್ಮ ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವ ಕರೆಂಟಿನ ಮೆಷಿನ್ ಬಂದಿದೆಯಲ್ಲ, ಚೊಂಬು ಕೊಂಡರೆ ಗರ್‍ರ್ ಎಂದು ಹೆಸರು ಹಾಕಿಕೊಡುತ್ತಾರಲ್ಲ, ಅಲ್ಲಿಗೆ ಹೋದೆ. ನನ್ನ ಎಲ್ಲ ಚಾಕುಗಳಿಗೂ ಅಲ್ಲೇ ಹೆಸರು ಹಾಕಿಸುವುದು. ಇಲ್ಲದಿದ್ದರೆ ಬೀದಿ ಸುತ್ತಲು ಹೋದ ಚಾಕು ವಾಪಸು ಬರುವುದು ಹೇಗೆ? ಹಿತ್ತಾಳೆಯ ಕಟ್ಟಿನ ಮೇಲೆ ಇನಿಷಿಯಲ್ ಸಮೇತ ನನ್ನ ಹೆಸರು, ಅದರ ಕೆಳಗೆ ಸಣ್ಣದಾಗಿ ಚನ್ನಗಿರಿ. ಮುದ್ದಾಗಿ ಬಂತು.

ಕಳೆದ ತಿಂಗಳ ಭೇಟಿಗೆ ಅದನ್ನು ಹೆಮ್ಮೆಯಿಂದ ಒಯ್ದು ಕೆಂಪು ಟವಲಿನ ನಟ್ಟನಡುವೆ ಇಟ್ಟೆ. ಷಡಾಕ್ಷರಪ್ಪನವರು ಸಡಗರದಿಂದ ಎತ್ತಿಕೊಂಡರು. ತಿರುಗಿಸಿದರು. ಕನ್ನಡಕ ಹಾಕಿಕೊಂಡು ಹೆಸರು ಓದಿದರು. ಮೆಲ್ಲಗೆ ಟವಲಿನ ಮೇಲೆ ಇಟ್ಟರು. ಆಮೇಲಿನದು ನಿಮಗೆ ಗೊತ್ತೇ ಇದೆ. ಅರ್ಧ ಕಾಫಿ.

ಸಂಧಾನಕ್ಕೆ ತಿಪ್ಪೇಸ್ವಾಮಿ ನಿಂತರು. ಅವರಂಥ ಸಂಧಾನಕಾರರು ನನ್ನ ವೈರಿಗಳಿಗೆ ಸಿಗಲಿ! ಮೊದಲು ನ್ಯಾಮತಿಗೆ ಹೋಗಿ, ಅಲ್ಲಿಂದ ನಮ್ಮ ಮನೆಗೆ ಬಂದು, ಕಂಬಳಿ ಗಂಟು ಇಳಿಸಿ, ನೀರು ಕುಡಿದು ಹೇಳಿದರು:

"ಅವ್ರು ಹೇಳಾದು ಇಷ್ಟೇ ಮೇಷ್ಟ್ರೇ. ಕೊಡಾದಾಗಿದ್ರೆ ಎಲೆ ಮ್ಯಾಲೆ ಇಟ್ಟು ಕೊಡ್ತಿದ್ದೆ. ಎಲೆ ಎಲ್ಲಿತ್ತು, ಅಡಕೆ ಎಲ್ಲಿತ್ತು ಅಂತಾರೆ."

"ನೋಡುವ ಚಾಕು ಟವಲ್ ಮೇಲೆ ಇರಬೇಕಲ್ಲ ತಿಪ್ಪೇಸ್ವಾಮಿ, ಟವಲ್ ಎಲ್ಲಿತ್ತು?" ಎಂದೆ.

"ಅದೂ ಸರಿ ಐತೆ" ಎಂದರು.

"ಹಾಗಾದರೆ ತಪ್ಪು ಯಾರದು?"

"ಅವ್ರು ಹೇಳಾದೂ ಸರಿ ಐತೆ, ನೀವು ಹೇಳಾದೂ ಸರಿ ಐತೆ. ಕಂಬಳಿ ಏನಾರ ಬೇಕಾ?"

ಮೈಯೆಲ್ಲ ಉರಿದುಹೋಯಿತು. ಅವರನ್ನು ಕಳಿಸಿ ಒಳಗೆ ಬಂದರೆ ನನ್ನ ಹೆಂಡತಿ ಕಾದೇ ನಿಂತಿದ್ದಳು.

"ಹಾಬಿ ಅಂತೆ ಹಾಬಿ! ಗಡ್ಡ ಬೆಳ್ಳಗಾದ್ರೂ ಹುಡುಗ್ರು ಗೋಲಿಗೆ ಬಡಿದಾಡ್ದಂಗೆ ಬಡಿದಾಡ್ತೀರಲ್ರೀ. ಹೋಗಿ ಕೊಟ್ಟು ಬರ್ರಿ ಮೊದ್ಲು."

"ಹೇಗೆ ಕೊಡಲೇ? ನನ್ನ ಹೆಸರಿದೆ ಅದರ ಮೇಲೆ."

"ಇದ್ರೇನಾತು? ನಮ್ಮನೆ ಅರ್ಧ ಪಾತ್ರೆ ಮ್ಯಾಲೆ ನಮ್ಮಪ್ಪನ ಹೆಸರೈತೆ. ಅದ್ರಾಗೆ ಉಣ್ಣಾಕೆ ನಿಮ್ಗೇನಾರ ತೊಂದ್ರೆ ಆಗೈತಾ?"

ಇದಕ್ಕೆ ಉತ್ತರ ಇದ್ದವರು ನನಗೆ ದಯವಿಟ್ಟು ಬರೆದು ತಿಳಿಸಬೇಕು.

ಹೋದ ಭಾನುವಾರ ನ್ಯಾಮತಿಗೆ ಹೋದೆ. ದಾರಿಯುದ್ದಕ್ಕೂ ನನ್ನ ವಾದವನ್ನು ಬಾಯಿಪಾಠ ಮಾಡಿಕೊಂಡೇ ಹೋದೆ, ಟವಲ್ಲು, ಟೇಬಲ್ಲು, ಬೇರೆ ತಾಲ್ಲೂಕು ಎಲ್ಲವನ್ನೂ. ಗಿರಣಿಯಲ್ಲಿ ಕರೆಂಟು ಹೋಗಿ ಮೋಟರು ನಿಂತಿತ್ತು. ಷಡಾಕ್ಷರಪ್ಪನವರು ಒಬ್ಬರೇ ಸ್ಟೂಲಿನ ಮೇಲೆ ಕೂತಿದ್ದರು. ನಾನು ಕಿಸೆಯಿಂದ ಚಾಕು ತೆಗೆದೆ. ಅಲ್ಲಿ ಟವಲಿಲ್ಲ. ಹಿಟ್ಟು ತೂಗುವ ತಕ್ಕಡಿಯ ಪಕ್ಕ ಕಟ್ಟೆಯ ಮೇಲೆ ಇಟ್ಟೆ.

"ಇದನ್ನ ನಂಗೆ ಯಾರು ಕೊಟ್ರು ಅಂತ ತಿಳ್ದೀರಿ?" ಎಂದರು ಅವರು, ನನ್ನ ಮುಖ ನೋಡದೆ. "ರಾಗಿ ಬೀಸ್ಸಾಕೆ ಬರೋ ಮುದುಕಪ್ಪ. ಸೊಂಟಕ್ಕೆ ಸಿಗಿಸ್ಕೊಂಡು ಬರ್ತಿದ್ದ. ಅವ್ನ ಹಿಂದೆ ಎಷ್ಟ್ ಬಿದ್ದಿದ್ದೆ ಅಂತ ನಂಗೊತ್ತು. ಒಂದಿನ ತಾನಾಗೇ ತಂದು ಕೊಟ್ಟ, ಕಣ್ಣು ಕಾಣವಲ್ದು, ನೀನೇ ಇಟ್ಕಾ ಅಂದ. ಕೂಡ್ಲೆ ನಿಮ್ಗೆ ಕಾರ್ಡ್ ಹಾಕ್ದೆ. ಆ ಭಾನ್ವಾರ ನೋಡಿದ್ರೆ ಬೆಲ್ಟ್ ಹರಿದು ಬಿದ್ದಿತ್ತು, ಜನ ಕ್ಯೂ ನಿಂತಿದ್ರು. ಎಲ್ರನ್ನೂ ಬಿಟ್ಟು ಹೊನ್ನಾಳಿಗೆ ಬಂದೆ. ಮನೇಲಿ ಹೆಂಡ್ತಿಗೂ ತೋರ್ಸಿರ್ಲಿಲ್ಲ. ಮೊದ್ಲು ಮೇಷ್ಟ್ರು ನೋಡ್ಲಿ ಅಂತ ಬಸ್ಸಿನ ಹಿಂದೆ ಓಡಿದೆ."

ನಾನು ಬಾಯಿಪಾಠ ಮಾಡಿದ ವಾದವನ್ನೆಲ್ಲ ಬಿಟ್ಟು, ಚಾಕುವನ್ನು ಅವರ ಕಡೆಗೆ ಸರಿಸಿದೆ.

"ಅದನ್ನ ಅಲ್ಲ್ಯಾಕ್ ಇಟ್ರಿ?" ಎಂದರು. "ಕೈಗೇ ಕೊಡ್ರಿ. ಇನ್ನೇನ್ ಉಳ್ದೈತೆ ಕೆಡಾಕೆ?"

ಕೊಟ್ಟೆ. ಅವರು ಒಮ್ಮೆ ಬಿಚ್ಚಿ ಮಡಚಿದರು. ನನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು, ಉಜ್ಜಿದರೆ ಹೋಗುತ್ತದೇನೋ ಎಂಬಂತೆ. ಅಷ್ಟರಲ್ಲಿ ಹಾಳು ಕರೆಂಟು ಬಂತು. ಷಡಾಕ್ಷರಪ್ಪನವರು ಎದ್ದು ಮೋಟರು ಹಾಕಿದರು. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ನಾನು ಏನೋ ಹೇಳಿದೆ ಕೂಡ. ಅವರು ಹಿಟ್ಟಿನ ಡಬ್ಬಕ್ಕೆ ಬಗ್ಗಿದ್ದರು. ಬಂದುಬಿಟ್ಟೆ.

ಕೈಯಿಂದ ಕೈಗೆ ಕೊಟ್ಟಿದ್ದಕ್ಕೇ ಹೀಗಾಯಿತು ಎಂದು ತಿಪ್ಪೇಸ್ವಾಮಿ ಕಾರ್ಡು ಬರೆದಿದ್ದಾರೆ. ಅದೂ ಸರಿ ಐತೆ ಎಂದು ಉತ್ತರಿಸೋಣವೆನ್ನಿಸಿತು. ಆದರೆ ಬಡಪಾಯಿ ಚಾಕುವಿನ ತಲೆಗೆ ಇದನ್ನೆಲ್ಲ ಕಟ್ಟಿ ನಾನೂ ಷಡಾಕ್ಷರಪ್ಪನವರೂ ಕೈ ತೊಳೆದುಕೊಳ್ಳುವುದು ಯಾವ ನ್ಯಾಯ? ಬಸ್ಸಿನಿಂದ ಒಂದು ಸಲ ತಲೆ ಹೊರಗೆ ಹಾಕಿ, "ನೋಡೋದಕ್ಕೋ, ಇಟ್ಟುಕೊಳ್ಳೋದಕ್ಕೋ?" ಎಂದು ಕೂಗಿ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?