ಹೂಂ ಅನ್ನುವವರೆಗೆ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೈಲಹೊಂಗಲ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಯಾವ ರೈತರ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನಗೆ ಸಿಕ್ಕಿತು. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದರೆ ಡೇಟಾಬೇಸ್ ಉತ್ತರ ಕೊಡಬೇಕು, ಇಷ್ಟೇ. ಆ ಸಾಲನ್ನು ಬರೆಸಿಕೊಳ್ಳುವ ಭಾಗಕ್ಕೆ ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳು, ಅಂದರೆ ಲೈಬ್ರರಿಗಳು, ಇದ್ದವು. ಅವುಗಳಲ್ಲಿ ಎರಡನ್ನು ಆರಿಸಿಟ್ಟುಕೊಂಡಿದ್ದೆ. ಒಂದು ಹಳೆಯದು, ಸಪ್ಪೆ; ಬರೆದದ್ದನ್ನು ತೋರಿಸಿ ಸುಮ್ಮನಿರುವಂಥದ್ದು. ಇನ್ನೊಂದಕ್ಕೆ ಬಣ್ಣವಿತ್ತು, ಎರಡಕ್ಷರ ಒತ್ತಿದರೆ ಊರುಗಳ ಪಟ್ಟಿ ಇಳಿಯುತ್ತಿತ್ತು, ಎಂಟರ್ ಒತ್ತಿದರೆ ಮೊದಲನೆಯ ಊರನ್ನೇ ಹಿಡಿದು ಕೆಲಸ ಮುಗಿಸಿಬಿಡುತ್ತಿತ್ತು. ನಾನು ಬಣ್ಣಕ್ಕೆ ಮರುಳಾದೆ.

ಅದನ್ನು ನಡೆಸಬೇಕಾದವರು ಕಿಟಕಿಯಲ್ಲಿ ಕೂತು ಪಾಳಿ ಚೀಟಿ ಬರೆದು ಮೊಹರು ಒತ್ತುತ್ತಿದ್ದ ಸಂಪಗಾಂವದ ಹಿರಿಯ ಗುಮಾಸ್ತರು. ನಾನು ಚಾಚಾ ಎನ್ನುತ್ತಿದ್ದೆ. ಹಂಗಾಮು ಶುರುವಾಗುವುದರೊಳಗೆ ಕಲಿಯದಿದ್ದರೆ ಅವರನ್ನು ಗೇಟಿನ ಕಾವಲಿಗೆ ಹಾಕುವುದಾಗಿ ಮ್ಯಾನೇಜರು ಹೇಳಿಯಾಗಿತ್ತು. ಮಂಡಿನೋವಿನ ಆ ಮನುಷ್ಯ ದಿನವಿಡೀ ಅಲ್ಲಿ ನಿಲ್ಲುವುದು ಆಗದ ಮಾತು.

ಪರೀಕ್ಷೆಯ ದಿನ ಸವದತ್ತಿ ಕಡೆಯ ರೈತರೊಬ್ಬರನ್ನು ಕಿಟಕಿಗೆ ಕರೆಸಿದೆವು. ಚಾಚಾ ಎರಡಕ್ಷರ ಒತ್ತಿ, ಎಂಟರ್ ಒತ್ತಿ, ತಲೆ ಎತ್ತಿ ರೈತರ ಮುಖ ನೋಡಿದರು. ಅಷ್ಟರಲ್ಲಿ ಬೇರೆ ಊರಿನ ಯಾರದೋ ಪಾಳಿ ಬದಲಾಗಿತ್ತು. ಮೂರು ಸಲವೂ ಹೀಗೇ. ಮ್ಯಾನೇಜರು ನಕ್ಕರು. ನನಗೆ ಸಿಟ್ಟು ಬಂತು.

"ಚಾಚಾ, ಪರದೆ ನೋಡ್ರಿ. ಅವರ ಮಾರಿ ಯಾಕ ನೋಡ್ತೀರಿ?"

"ಚೀಟಿ ಬರದು ಓದಿ ಹೇಳ್ತೇನಿ. ಅವರು ಹೂಂ ಅಂದ ಮ್ಯಾಲೆ ಸಿಕ್ಕಾ ಹೊಡಿತೇನಿ. ಇಷ್ಟ ವರ್ಷ ಹಿಂಗ ಮಾಡೇನಿ," ಎಂದರು. "ನಿಮ್ಮ ಯಂತ್ರ ಅವರಿಗೆ ಹೂಂ ಅನ್ನಾಕ ಬಿಡವಲ್ದು."

ನನಗೆ ನಾಚಿಕೆಯಾಯಿತು. ಎರಡು ತಿಂಗಳು ಲೈಬ್ರರಿಗಳನ್ನು ಅಳೆದು ತೂಗಿದ್ದೆ. ಅವರು ಕೆಲಸ ಮಾಡುವುದನ್ನು ಒಂದು ಗಳಿಗೆ ಕೂತು ನೋಡಿರಲಿಲ್ಲ. ಬಣ್ಣದ್ದನ್ನು ಕಿತ್ತು ಸಪ್ಪೆಯದನ್ನೇ ಹಾಕಿದೆ. ಈಗ ಎಂಟರ್ ಒತ್ತಿದರೂ ಏನೂ ಬದಲಾಗುತ್ತಿರಲಿಲ್ಲ. ಬರೆದ ಸಾಲು ಪೂರ್ತಿ ಕಾಣುತ್ತಿತ್ತು; ಅದರ ಕೆಳಗೆ ಹೂಂ ಎಂದು ಬರೆದ ಮೇಲಷ್ಟೇ ಪಾಳಿ ದಾಖಲಾಗುವಂತೆ ಮಾಡಿದೆ.

ಹಂಗಾಮಿನ ಮೊದಲ ದಿನ ಮ್ಯಾನೇಜರು ಬಂದು ಚಾಚಾರ ಬೆನ್ನ ಹಿಂದೆ ನಿಂತರು. ಚಾಚಾ ಸಾಲು ಬರೆದು ಗಟ್ಟಿಯಾಗಿ ಓದಿದರು.

"ಅದಲ್ರಿ, ಹಳ್ಳದ ಕಡೆ ಹೊಲ," ಎಂದ ಕಿಟಕಿಯಾಚೆಯ ರೈತ.

ಚಾಚಾ ತಿದ್ದಿ ಮತ್ತೆ ಓದಿದರು.

"ಹೂಂ."

ಒಂದೊಂದೇ ಅಕ್ಷರ ಹುಡುಕಿ ಚಾಚಾ ಅದನ್ನೇ ಒತ್ತಿದರು. ಮ್ಯಾನೇಜರು ಪರದೆಯ ಮೇಲಿನ ಸಾಲನ್ನು ಓದಿ, "ಗೇಟಿಗೆ ಬ್ಯಾರೆ ಯಾರನ್ನರ ನೋಡ್ತೇನಿ," ಎಂದು ಹೋದರು. ಚಾಚಾ ತಿರುಗಿ ನೋಡಲಿಲ್ಲ. ಮುಂದಿನ ರೈತನಿಗೆ ಓದಿ ಹೇಳುತ್ತಿದ್ದರು.